ಅತ್ತೆಗೆ ಸೊಸೆಯ ಗಂಟಲು

ಸೊಸೆ ನುಂಗಿದರೆ ಅತ್ತೆಯ ಹೊಟ್ಟೆ ತುಂಬುವ ಕಾಲವೂ ಬಂತು ನೋಡಿ. ಹೀಗೂ ಆದೀತು ಎಂದು ಹಳೇ ಹುಬ್ಬಳ್ಳಿಯಲ್ಲಿ ಯಾರಾದರೂ ಮೊದಲೇ ಅಂದಿದ್ದರೆ, ಗುರುಸಿದ್ದವ್ವ ಅವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಅಂಥ ಬಾಯಿ ಅವಳದು. ತನ್ನ ಖಾನಾವಳಿಗೆ ಬಂದ ಗಿರಾಕಿ ರೊಟ್ಟಿಯ ಅಂಚು ಬಿಟ್ಟು ಎದ್ದರೆ, ಭುಜ ಹಿಡಿದು ಕೂರಿಸಿ ತಿನ್ನಿಸಿದವಳು. ಮಗ ವಿರೂಪಾಕ್ಷನ ತಲೆ ನರೆತರೂ ತಾಯಿ ಹೂಂ ಅನ್ನದೆ ಅಂಗಿ ಸಹ ಬದಲಿಸುತ್ತಿರಲಿಲ್ಲ. ಇನ್ನು ಸೊಸೆ ದ್ರಾಕ್ಷಾಯಣಿಯ ಪಾಡು ಕೇಳುವುದೇ ಬೇಡ. ಗಿರಾಕಿಗಳು ಉಂಡು, ಗಂಡ ಉಂಡು, ಅತ್ತೆ ಉಂಡು ತೇಗಿ ಎಲೆಯಡಿಕೆ ಹಾಕಿಕೊಂಡ ಮೇಲೆ, ತಣ್ಣಗಾಗಿ ಸೆಟೆದುಕೊಂಡ ರೊಟ್ಟಿ ಅವಳ ಪಾಲಿಗೆ. ಮನೆಯ ರಿವಾಜು ಅದು. ಅದನ್ನು ಪ್ರಶ್ನೆ ಮಾಡಿದವರು ಯಾರೂ ಇರಲಿಲ್ಲ.

ಆ ಬಾಯಿ ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಯುತ್ತಿರುವಾಗಲೇ ಕೈಕೊಟ್ಟಿತು. ಮಜ್ಜಿಗೆ ಮೂಗಿನಿಂದ ಹೊರಗೆ ಬಂತು, ತಲೆ ಗಿರ್ರೆಂದಿತು, ಕೂತಲ್ಲೇ ವಾಲಿದಳು. ಮೆದುಳಿನ ಬುಡದಲ್ಲಿ ಸಣ್ಣ ರಕ್ತನಾಳವೊಂದು ಕಟ್ಟಿಕೊಂಡಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಗಟ್ಟಿ ಜೀವ, ಕೈಕಾಲಿಗೆ ಏನೂ ಆಗಲಿಲ್ಲ. ಬುದ್ಧಿಯೂ ಚುರುಕಾಗಿಯೇ ಉಳಿಯಿತು. ದನಿ ಒಡೆಯಿತು, ಮತ್ತು ನುಂಗುವುದು ಪೂರ್ತಿ ನಿಂತುಹೋಯಿತು. ಊರಿಗೆಲ್ಲ ಉಣಬಡಿಸಿದ ಹೆಂಗಸಿಗೆ ತನ್ನ ಉಗುಳನ್ನೂ ಗಂಟಲಿಗೆ ಇಳಿಸಲಾಗದೆ ಬಟ್ಟಲು ಹಿಡಿದು ಕೂರುವ ಗತಿ ಬಂತು. ಮೂಗಿನಿಂದ ಹೊಟ್ಟೆಗೆ ಪೈಪು ಹಾಕಿ ಗಂಜಿ ಬಿಟ್ಟರು. ಗುರುಸಿದ್ದವ್ವ ಅದನ್ನು ಕಿತ್ತೆಸೆದಳು. ಮತ್ತೆ ಹಾಕಿದರು. ಮತ್ತೆ ಕಿತ್ತಳು.

"ರೊಟ್ಟಿ ತಿನಸ್ರಿ, ಇಲ್ಲಾ ಕೊಂದುಬಿಡ್ರಿ," ಎಂದು ಒಡಕು ದನಿಯಲ್ಲಿ ಹಟ ಹಿಡಿದಳು.

ಆಗ ಆಸ್ಪತ್ರೆಯವರು ತಾಯಿ, ಮಗ, ಸೊಸೆ ಮೂವರನ್ನೂ ಡಾಕ್ಟರ್ ಮೆಹಜಬೀನ ಸವಣೂರ ಅವರ ಪ್ರಯೋಗಶಾಲೆಗೆ ಕಳಿಸಿದರು. ಮೆಹಜಬೀನ ನುಂಗುವುದೊಂದನ್ನೇ ಇಡೀ ಆಯುಷ್ಯ ಓದಿದ ಹೆಂಗಸು. ಗೋಡೆಯ ಮೇಲಿನ ಪರದೆಯಲ್ಲಿ ಯಾರದೋ ಗಂಟಲಿನ ಎಕ್ಸ್‌ರೇ ಚಿತ್ರ ಓಡುತ್ತಿತ್ತು. ಬಿಳಿ ಔಷಧಿ ಕಲಸಿದ ತುತ್ತೊಂದು ನಾಲಿಗೆಯ ಮೇಲಿಂದ ಜಾರಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯವಾಗುತ್ತಿತ್ತು.

"ನೋಡ್ರಿ, ನುಂಗೂದು ಅಂದ್ರ ಮೂರು ಪಾಲು," ಎಂದರು ಡಾಕ್ಟರು. "ಮೊದಲಿಂದು ಬಾಯಿದು. ಅಗಿಯೂದು, ಜೊಲ್ಲಿನಾಗ ಕಲಸೂದು, ನಾಲಿಗಿಲೆ ಹಿಂದಕ್ಕ ದಬ್ಬೂದು. ಇದು ನಮ್ಮ ಮಾತು ಕೇಳತೈತಿ. ತುತ್ತು ನಾಲಿಗಿ ಬುಡ ದಾಟಿತೋ, ಎರಡನೇ ಪಾಲು ಸುರು. ಅಲ್ಲಿ ನಮ್ದೇನೂ ನಡಿಯಂಗಿಲ್ಲ. ಮೆದುಳಿನ ಬುಡಾನ ಹುಕುಂ ಕೊಡತೈತಿ. ಉಸಿರು ನಿಲ್ಲತೈತಿ, ಗಂಟ್ಲಮಣಿ ಮ್ಯಾಲೆ ಏರತೈತಿ, ಮುಂದಿನ ಶ್ವಾಸನಾಳದ ಮ್ಯಾಲೆ ಮುಚ್ಚಳ ಬೀಳತೈತಿ, ಹಿಂದಿನ ಅನ್ನನಾಳ ಬಾಯಿ ತೆರೀತೈತಿ. ಮೂರನೇ ಪಾಲು ಅನ್ನನಾಳದ್ದು, ಅದು ಹಿಂಡಿ ಹಿಂಡಿ ಹೊಟ್ಟಿಗೆ ಇಳಸತೈತಿ. ಅವ್ವಾರಿಗೆ ಮೊದಲಿಂದೂ ಐತಿ, ಕಡೀದೂ ಐತಿ. ನಡುವಿಂದು ಹೋಗೈತಿ."

"ಅದನ್ನ ಮಶೀನಿಲೆ ಮಾಡಾಕ ಬರಂಗಿಲ್ಲೇನ್ರಿ?" ಎಂದ ವಿರೂಪಾಕ್ಷ.

"ಮಾಡಿ ನೋಡೀವ್ರಿ. ಮಶೀನಿಗೆ ತುತ್ತಿನ ಗುರುತು ಹತ್ತಂಗಿಲ್ಲ. ರೊಟ್ಟಿಗೆ ಗಂಟ್ಲಾ ಭಾಳ ಹೊತ್ತು ತೆರದಿರಬೇಕು, ನೀರಿಗೆ ಅಷ್ಟು ಬ್ಯಾಡ. ಅದನ್ನ ಅರಿಯೂದು ಜೀವಂತ ಮೆದುಳು ಒಂದ. ಅದಕ್ಕ ನಾವು ಇನ್ನೊಬ್ಬರ ಮೆದುಳನ್ನ ಕಡಾ ತಗೋತೀವಿ."

ಉಪಾಯ ಇಷ್ಟೇ. ರೋಗಿಯ ಗಂಟಲಿನ ಸ್ನಾಯುಗಳಲ್ಲಿ ಕೂದಲೆಳೆಯಂಥ ತಂತಿಗಳು. ಜೊತೆಗೆ ಕೂತು ಉಣ್ಣುವವರ ಕೊರಳಿಗೊಂದು ಪಟ್ಟಿ. ಇಬ್ಬರೂ ಅದೇ ಅಡುಗೆಯ ಅಷ್ಟೇ ತುತ್ತನ್ನು ಬಾಯಿಗೆ ಹಾಕಿಕೊಂಡು ಅಗಿಯಬೇಕು. ಪಟ್ಟಿ ಕಟ್ಟಿಕೊಂಡವರು ನುಂಗಿದ ಕ್ಷಣವೇ ಅವರ ಗಂಟಲು ಮಾಡಿದ್ದನ್ನೆಲ್ಲ ರೋಗಿಯ ಗಂಟಲು ಮಾಡುತ್ತದೆ. ಪಟ್ಟಿ ಬಿಚ್ಚಿದರೆ ಮುಗಿಯಿತು.

ಪರೀಕ್ಷೆಗೆಂದು ಅತ್ತೆಯ ಗಂಟಲಿಗೆ ತಾತ್ಕಾಲಿಕ ತಂತಿ ಚುಚ್ಚಿ, ಮೊದಲು ವಿರೂಪಾಕ್ಷನಿಗೆ ಪಟ್ಟಿ ಕಟ್ಟಿ ನೋಡಿದರು. ಅವನು ಎಮ್ಮೆ ಮುಸುರೆ ಕುಡಿದಂತೆ ನುಂಗುವ ಗಿರಾಕಿ, ಪರದೆಯ ಮೇಲೆ ಇಬ್ಬರ ಗಂಟಲೂ ಬೇರೆ ಬೇರೆ ದಾರಿ ಹಿಡಿದವು. ಆಮೇಲೆ ದ್ರಾಕ್ಷಾಯಣಿಗೆ ಕಟ್ಟಿದರು. ಡಾಕ್ಟರು ಹುಬ್ಬೇರಿಸಿದರು. ಹೆತ್ತ ಮಗಳಾದರೂ ಇಷ್ಟು ಹೊಂದುವುದಿಲ್ಲ ಎಂದರು. ಹೊಂದದೆ ಏನು? ಮದುವೆಯಾಗಿ ಬಂದ ಹೊಸದರಲ್ಲಿ ತುತ್ತು ದೊಡ್ಡದಾದರೆ ಸೌಟಿನಿಂದ ಕೈಗಂಟಿನ ಮೇಲೆ ಹೊಡೆದು, ಹೀಗೆ ಮುರಿ, ಇಷ್ಟು ಅಗಿ, ಸಪ್ಪಳ ಮಾಡಬೇಡ ಎಂದು ಕಲಿಸಿದವಳು ಅತ್ತೆಯೇ. ಸೊಸೆಯನ್ನು ತಿದ್ದುತ್ತಿದ್ದೇನೆ ಅಂದುಕೊಂಡಿದ್ದಳು ಪಾಪ.

ನಂತರ ಡಾಕ್ಟರು ಎಚ್ಚರಿಕೆಯ ಮಾತಿಗೆ ಬಂದರು. ಗುರುಸಿದ್ದವ್ವನನ್ನು ಕಾಯಂ ತಂತಿ ಹಾಕಿಸಲು ಒಳಗೆ ಕರೆದೊಯ್ದಿದ್ದರು, ವಿರೂಪಾಕ್ಷ ಚಹಾ ಕುಡಿಯಲು ಹೋಗಿದ್ದ. ಪರದೆಯ ಮೇಲೆ ಬಿಳಿ ನೀರು ಹಿಂದಿನ ಕೊಳವೆ ಬಿಟ್ಟು ಮುಂದಿನದಕ್ಕೆ ಇಳಿಯುವುದನ್ನು ತೋರಿಸಿದರು.

"ಅವರ ಬಾಯಾಗ ರೊಟ್ಟಿ ಇದ್ದಾಗ ನೀವು ನೀರು ಕುಡದ್ರಿ ಅನ್ರಿ. ನಿಮ್ಮ ಗಂಟ್ಲಾ ನೀರಿನ ಲೆಕ್ಕದಾಗ ಲಗೂನ ತೆರದು ಮುಚ್ಚತೈತಿ. ಅವರದೂ ಹಂಗ. ಅರ್ಧಾ ರೊಟ್ಟಿ ಹೊರಗ ಉಳದು ಹಿಂಗ ಪುಪ್ಪಸಕ್ಕ, ಅಂದ್ರ ಶ್ವಾಸಕೋಶಕ್ಕ, ಇಳೀತೈತಿ. ಕೆಮ್ಮಾಕೂ ಅವರಿಗೆ ಶಕ್ತಿ ಇಲ್ಲ. ಜೀವಾನ ಹೋದೀತು."

ದ್ರಾಕ್ಷಾಯಣಿ ಆ ಚಿತ್ರವನ್ನೇ ನೋಡುತ್ತಿದ್ದಳು. "ನೀರಿನ ಬದ್ಲಿ ಎಣ್ಣಿ ಹೋದ್ರರೀ?" ಎಂದು ಕೇಳಿದಳು.

"ಅಯ್ಯ, ಎಣ್ಣಿ ಅಂತೂ ಭಾಳ ಕೆಟ್ಟದ್ದು. ನೀರು ಹೋದ್ರ ಕೆಮ್ಮರ ಬರತೈತಿ, ಎಣ್ಣಿ ಕೆಮ್ಮನ್ನೂ ಎಬ್ಬಸಂಗಿಲ್ಲ. ಸುಮ್ನ ಇಳದು ಪುಪ್ಪಸದಾಗ ಕುಂದರತೈತಿ. ಹಸುಗೂಸುಗಳಿಗೆ ಮೂಗು ಹಿಡದು ಒಳಲೆಲೆ ಹರಳೆಣ್ಣಿ ಹೊಯ್ತಿದ್ರಲ್ಲ, ಎಷ್ಟು ಕೂಸು ಹಂಗ ಹೋದ್ವೋ. ಹೊಟ್ಟಿ ಸ್ವಚ್ಛ ಆಗಲಿ ಅಂತ ಹಾಕೂದು, ಮೂರು ದಿನದಾಗ ಜ್ವರಾ, ಮ್ಯಾಲುಸಿರು, ಅಷ್ಟ."

ದ್ರಾಕ್ಷಾಯಣಿಗೂ ಒಂದು ಕೂಸು ಹುಟ್ಟಿತ್ತು, ಹೆಣ್ಣು. ಬಾಣಂತಿ ಕೋಣೆಯಲ್ಲಿ ಅತ್ತೆ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಹಾಲು ಕುಡಿಸುವ ಒಳಲೆಯ ಕೊಕ್ಕಿನಿಂದ ಗಂಟಲಿಗೆ ಹರಳೆಣ್ಣೆ ಸುರಿದಿದ್ದಳು. ಅಳು ಕೇಳಿ ದ್ರಾಕ್ಷಾಯಣಿ ಬಚ್ಚಲಿನಿಂದ ಓಡಿಬಂದಾಗ ಕೂಸು ಸುಮ್ಮನಾಗಿತ್ತು. ಆ ಸಂಜೆಯೇ ಉಸಿರು ಏರಿತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಹೆಣ ಇನ್ನೂ ಮನೆಯಲ್ಲಿರುವಾಗಲೇ ಗುರುಸಿದ್ದವ್ವ ಪಡಸಾಲೆಯಲ್ಲಿ ನಿಂತು ನೆರೆದವರಿಗೆಲ್ಲ ಹೇಳಿದ್ದಳು, "ಇಕಿ ಎದಿ ಹಾಲು ನಂಜು. ಕೂಸನ್ನ ಇಕೀನ ತಿಂದ್ಲು." ಆ ಮಾತು ಓಣಿ ಓಣಿ ತಿರುಗಿತು. ಅವತ್ತಿನಿಂದ ಬಳಗದಲ್ಲಿ ಯಾರ ಮನೆಯ ಬಾಣಂತಿ ಕೋಣೆಗೂ ದ್ರಾಕ್ಷಾಯಣಿಯನ್ನು ಬಿಟ್ಟುಕೊಂಡವರಿಲ್ಲ, ಒಂದು ಕೂಸನ್ನೂ ಅವಳ ಕೈಗೆ ಕೊಟ್ಟವರಿಲ್ಲ. ಮತ್ತೆ ಬಸಿರು ನಿಲ್ಲಲೂ ಇಲ್ಲ. ಇಷ್ಟಾಗಿ, ಅವಳೂ ಆ ಮಾತನ್ನು ಅರ್ಧ ನಂಬಿಬಿಟ್ಟಿದ್ದಳು. ತನ್ನ ಮೈಯಲ್ಲೇ ವಿಷ ಇತ್ತೇನೋ ಎಂದು ಸ್ನಾನ ಮಾಡುವಾಗ ಎದೆ ಮುಟ್ಟಲೂ ಹೇಸುತ್ತಿದ್ದಳು.

ಈಗ ಅವಳಿಗೆ ಅಳು ಬಂತು. ಇನ್ನೂ ಕೊರಳಲ್ಲೇ ಇದ್ದ ಪಟ್ಟಿ ಚಿಂಯ್ ಎಂದಿತು.

"ಅಳಬ್ಯಾಡ್ರಿ, ಅಳಬ್ಯಾಡ್ರಿ," ಎಂದರು ಡಾಕ್ಟರು. "ಕಣ್ಣೀರು ಪೂರಾ ಗಲ್ಲದ ಮ್ಯಾಲೆ ಇಳೀತಾವು ಅಂತ ತಿಳದೀರೇನು? ಒಂದಿಷ್ಟು ಮೂಗಿನೊಳಗಿಂದ ಗಂಟ್ಲಕ್ಕ ಹೋಗತಾವು. ಅಳಾವ್ರು ಅದಕ್ಕ ಗುಟಕ್ ಗುಟಕ್ ನುಂಗೂದು. ಅದೂ ನೀರಿನ ನುಂಗಾನ. ಊಟಕ್ಕ ಕುಂತಾಗ ಅಳು ಬಂದ್ರ ಬಾಯಾಗಿಂದು ಉಗಳಿಬಿಡ್ರಿ, ನುಂಗಬ್ಯಾಡ್ರಿ. ಅತ್ತಿ ಮ್ಯಾಲೆ ಎಷ್ಟು ಪ್ರೀತಿ ಐತಿ ನಿಮಗ!"

ಪ್ರೀತಿಯಂತೆ! ದ್ರಾಕ್ಷಾಯಣಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಈ ಮುದುಕಿಯ ಬಾಯಿಂದಲೇ, ನೆರೆದವರ ಎದುರಿಗೇ, ನಿನ್ನ ಹಾಲು ನಂಜಾಗಿರಲಿಲ್ಲ ಅನ್ನಿಸಬೇಕು. ಅಲ್ಲಿಯವರೆಗೆ ಇವಳನ್ನು ಸಾಯಲೂ ಬಿಡಬಾರದು, ಸುಖವಾಗಿ ಉಣ್ಣಲೂ ಬಿಡಬಾರದು ಎಂದು ಅಲ್ಲೇ ನಿಶ್ಚಯ ಮಾಡಿದಳು.

ಮನೆಗೆ ಬಂದ ಮೇಲೆ ಶುರುವಾಯಿತು ಸೊಸೆಯ ಕಾರುಬಾರು. ಅತ್ತೆಯ ಎದುರಿಗೇ ಚಾಪೆ, ಅತ್ತೆಯ ತಟ್ಟೆಗೆ ಸರಿಸಮ ತಟ್ಟೆ, ಹಂಚಿನಿಂದ ಇಳಿದ ಬಿಸಿ ರೊಟ್ಟಿ ಇಬ್ಬರಿಗೂ. ಖಾನಾವಳಿಯ ಗಿರಾಕಿಗಳು ಇಣುಕಿ ನೋಡಿ, ಅತ್ತೆ ಸೊಸೆ ಎಂದರೆ ಹೀಗಿರಬೇಕು ಎಂದು ಕಣ್ಣು ತುಂಬಿಕೊಂಡರು. ಅವರಿಗೇನು ಗೊತ್ತು? ಗುರುಸಿದ್ದವ್ವ ತುತ್ತು ಅಗಿದು ನಾಲಿಗೆಯ ಮೇಲೆ ಇಟ್ಟುಕೊಂಡು ಕಾದಿರುತ್ತಿದ್ದಳು, ದ್ರಾಕ್ಷಾಯಣಿ ಅಗಿಯುತ್ತಲೇ ಇರುತ್ತಿದ್ದಳು. ನಡುವೆ ಎದ್ದು ಹೋಗಿ ಒಲೆಯ ಉರಿ ನೋಡಿ ಬರುತ್ತಿದ್ದಳು. ಅತ್ತೆಯ ಪ್ರಾಣವಾದ ಎಣ್ಣೆಗಾಯಿಯನ್ನು ಮಾಡಿ, ಘಮಘಮ ಅನ್ನಿಸಿ, ಗಿರಾಕಿಗಳಿಗೆಲ್ಲ ಬಡಿಸಿ, "ನನಗ ಬದನಿಕಾಯಿ ತುರಿಸ್ತೈತ್ರಿ ಅತ್ತೀ," ಎಂದು ಸಪ್ಪೆ ಹೆಸರುಬೇಳೆ ತಂದಿಡುತ್ತಿದ್ದಳು. ಸೊಸೆ ತಿನ್ನದ್ದನ್ನು ಅತ್ತೆ ತಿನ್ನುವ ಹಾಗಿಲ್ಲವಲ್ಲ. ಕೆಲವು ದಿನ ಹಸಿವಿಲ್ಲ ಎಂದು ಮಲಗಿಬಿಡುತ್ತಿದ್ದಳು.

"ಅವ್ವ ಹಸದಾಳ, ಎರಡು ತುತ್ತರ ತಿನ್ನಬಾರಾ," ಎಂದು ವಿರೂಪಾಕ್ಷ ಬಾಗಿಲಲ್ಲಿ ನಿಂತು ಗೋಗರೆಯುತ್ತಿದ್ದ.

"ನಾ ಹಸದಾಗ ನೀವೆಲ್ಲಿದ್ರಿ?" ಎಂದರೆ ಅವನು ಗಿರಾಕಿಗಳ ಕಡೆ ಹೊರಟುಬಿಡುತ್ತಿದ್ದ.

ಗುರುಸಿದ್ದವ್ವನೇನು ಕಡಿಮೆಯೇ? ಮೊದಲ ಪಾಲು ಅವಳದೇ ತಾನೆ. ಸೊಸೆ ನುಂಗುವ ಹೊತ್ತಿಗೆ ಸರಿಯಾಗಿ ತುತ್ತನ್ನು ದವಡೆಗೆ ಸರಿಸಿ, ತುಟಿ ಬಿಗಿದು, ಬೇಕಾಗಿಲ್ಲ ಹೋಗು ಎನ್ನುವಂತೆ ನೋಡುತ್ತಿದ್ದಳು. ಹೀಗೆ ಒಬ್ಬಳು ಬಾಯಿ ಹಿಡಿದು, ಇನ್ನೊಬ್ಬಳು ಗಂಟಲು ಹಿಡಿದು, ಹಗಲೆಲ್ಲ ಜಗಳ. ಒಂದು ಮಾತಿಲ್ಲ. ಒಮ್ಮೆ ದ್ರಾಕ್ಷಾಯಣಿ ಕೇಳಿಯೂ ನೋಡಿದಳು.

"ಅತ್ತೀ, ಕೂಸಿಗೆ ಎಣ್ಣಿ ಹಾಕಿದ್ರಲ್ಲ, ಅವತ್ತು ಏನಾತು?"

"ನಮ್ಮತ್ತಿ ನನ್ನ ಮಕ್ಕಳಿಗೆ ಹಾಕಿದ್ಲು, ಅವು ಕಲ್ಲಿನಂಗ ಅದಾವ. ದೋಷ ಎಣ್ಣ್ಯಾಗಿದ್ದಿಲ್ಲ, ನಿನ್ನಾಗಿತ್ತು," ಎಂದು ಮುದುಕಿ ಗೋಡೆಯ ಕಡೆ ತಿರುಗಿದಳು.

ಆ ಮಧ್ಯಾಹ್ನ ಊಟದ ನಡುವೆ ದ್ರಾಕ್ಷಾಯಣಿಯ ಕೈ ತಾನಾಗಿಯೇ ನೀರಿನ ತಂಬಿಗೆಯ ಕಡೆ ಹೋಯಿತು. ಎದುರಿಗೆ ಅತ್ತೆಯ ಬಾಯಲ್ಲಿ ರೊಟ್ಟಿ. ಒಂದು ಗುಟುಕು ಸಾಕು. ಯಾರು ಕೇಳುತ್ತಾರೆ? ಬಾಯಾರಿತ್ತು ಎಂದರಾಯಿತು. ತಂಬಿಗೆ ತುಟಿಯ ಹತ್ತಿರ ಬಂದೇ ಬಂತು. ಆದರೆ ಈಗಲೇ ಸತ್ತರೆ ಆ ಮಾತೂ ಇವಳ ಜೊತೆಗೇ ಮಣ್ಣಿಗೆ ಹೋಗುತ್ತದಲ್ಲ ಎಂದು ಹೊಳೆದು ಕೆಳಗಿಟ್ಟಳು. ದಯೆಯಿಂದಲ್ಲ, ತಪ್ಪು ತಿಳಿಯಬೇಡಿ.

ತಪಾಸಣೆಗೆ ಹೋದಾಗ ಗುರುಸಿದ್ದವ್ವನ ತೂಕ ಇಳಿದಿದ್ದನ್ನು ಕಂಡು ಮೆಹಜಬೀನ ದ್ರಾಕ್ಷಾಯಣಿಯನ್ನು ಪಕ್ಕಕ್ಕೆ ಕರೆದರು. ಅವರೇನು ಕುರುಡರಲ್ಲ.

"ನಿಮ್ಮಿಬ್ಬರ ನಡುವ ಏನೈತೋ ನನಗ ಬ್ಯಾಡ. ಗಂಟ್ಲಾ ನಿಮ್ದು. ಕೊಡೂದಿಲ್ಲ ಅಂದ್ರ ಯಾರೂ ಜುಲುಮಿ ಮಾಡಂಗಿಲ್ಲ, ನಾ ಪೈಪು ಹಾಕತೇನಿ, ಪೈಪಿನ ಮ್ಯಾಲೂ ಭಾಳ ವರ್ಷ ಬದುಕ್ತಾರ. ಆದ್ರ ಪಟ್ಟಿ ಕಟಗೊಂಡು ಆಟ ಆಡಬ್ಯಾಡ್ರಿ."

"ಇನ್ನೊಂದು ಮಾತು ಆಗೂದೈತ್ರಿ," ಎಂದಳು ದ್ರಾಕ್ಷಾಯಣಿ. "ಅದಾದ್ರ ಮುಗೀತು."

ಆ ಮಾತು ಆಗುವ ದಿನ ಬಂತು. ವಿರೂಪಾಕ್ಷನ ತಂಗಿಯ ಮಗಳು ರೋಹಿಣಿ ಹೆತ್ತು, ಅಜ್ಜಿಗೆ ತೋರಿಸಲೆಂದು ಕೂಸನ್ನು ಎತ್ತಿಕೊಂಡು ಬಂದಳು. ಜೊತೆಗೆ ಬಳಗದ ಹೆಂಗಸರು ಒಂದು ಪಡಸಾಲೆ ತುಂಬ. ಎಲ್ಲರ ಕಣ್ಣೆದುರು ಅತ್ತೆ ಸೊಸೆ ಊಟಕ್ಕೆ ಕೂತರು. ರೊಟ್ಟಿ, ಶೇಂಗಾ ಚಟ್ನಿ, ಕೆನೆಮೊಸರು. ದ್ರಾಕ್ಷಾಯಣಿ ಕೂಸಿನ ಕಡೆ ಒಮ್ಮೆ ನೋಡಿದ್ದೇ ತಡ, ಹೆಂಗಸರು ಅದನ್ನು ಕೈಯಿಂದ ಕೈಗೆ ದಾಟಿಸಿ ದೂರ ಒಯ್ದರು.

ಗುರುಸಿದ್ದವ್ವನಿಗೆ ಬಳಗ ನೋಡಿ ಹುರುಪು ಬಂದಿತ್ತು. ತುತ್ತುಗಳ ನಡುವೆ ಹಳೇ ದರ್ಬಾರು ತೆಗೆದಳು. "ರೋಹಿಣೀ, ಕೂಸಿಗೆ ಎಣ್ಣಿ ಹಾಕೀರಿಲ್ಲೋ? ಇಲ್ಲೆ ತಾ, ನಾ ತೋರಸ್ತೇನಿ ಹೆಂಗ ಹಾಕೂದಂತ. ಒಳಲೆ ಒಳಗ ಐತಿ, ತರ್ರಿ."

"ಹಾಕಬ್ಯಾಡವಾ ರೋಹಿಣಿ," ಎಂದಳು ದ್ರಾಕ್ಷಾಯಣಿ. "ಎಣ್ಣಿ ಉಸಿರಿನ ಕೊಳವಿಗೆ ಹೋದ್ರ ಕೂಸು ಉಳಿಯಂಗಿಲ್ಲ. ಡಾಕ್ಟರು ಹೇಳ್ಯಾರ."

"ನೀ ಬಾಯಿ ಮುಚಗೊಂಡು ನುಂಗು," ಎಂದಳು ಅತ್ತೆ. "ಹಾಲು ನಂಜಾಗಿ ಕೂಸು ತಿಂದಾಕಿಗೆ ಕೂಸಿನ ಮಾತ್ಯಾಕ?" ಅಂದವಳೇ ಬಾಯಿಯ ತುತ್ತನ್ನು ನಾಲಿಗೆಯಿಂದ ಹಿಂದಕ್ಕೆ ದಬ್ಬಿ, ನುಂಗಿಸು ಎನ್ನುವಂತೆ ಗದ್ದ ಎತ್ತಿದಳು.

ದ್ರಾಕ್ಷಾಯಣಿ ತನ್ನ ಬಾಯಲ್ಲಿದ್ದ ತುತ್ತನ್ನು ತಟ್ಟೆಯ ಅಂಚಿಗೆ ಉಗುಳಿದಳು. "ಇಲ್ರಿ, ನುಂಗಂಗಿಲ್ಲ," ಎಂದಳು.

ಗುರುಸಿದ್ದವ್ವನ ತುತ್ತು ನಾಲಿಗೆಯ ಬುಡ ದಾಟಿ ಕೂತಿತ್ತು, ಅವಳ ಹುಕುಂ ನಡೆಯದ ಜಾಗದಲ್ಲಿ. ಹಿಂದಕ್ಕೆ ಬಾರದು, ಕೆಳಕ್ಕೆ ಇಳಿಯದು. ಅವಳ ಕಣ್ಣು ಅಗಲವಾದವು.

"ಮೆಲ್ಲಕ ಉಸಿರು ತಗೋರಿ ಅತ್ತೀ. ಜೋರಾಗಿ ಎಳದ್ರ ಮುಂದಿನ ಕೊಳವಿಗೆ ಹೋಗತೈತಿ. ನನ್ನ ಕೂಸಿನ ಎಣ್ಣಿ ಹೋತಲ್ಲ, ಅದರಾಗ. ಈಗ ಎಲ್ಲಾರ ಮುಂದ ಹೇಳ್ರಿ, ಅವತ್ತು ಏನಾತು."

"ಲೇ, ನುಂಗಲೇ!" ಎಂದು ವಿರೂಪಾಕ್ಷ ಕೈ ಎತ್ತಿಕೊಂಡು ಬಂದ.

"ಮುಟ್ಟಿ ನೋಡ್ರಿ, ಬಿಚ್ಚಿ ಒಗದುಬಿಡ್ತೇನಿ," ಎಂದು ದ್ರಾಕ್ಷಾಯಣಿ ಪಟ್ಟಿಯ ಕೊಂಡಿಗೆ ಬೆರಳು ಹಾಕಿದಳು. ವಿರೂಪಾಕ್ಷ ನಿಂತಲ್ಲೇ ನಿಂತ. ಅವನ ಆಯುಷ್ಯದಲ್ಲಿ ಹೆಂಡತಿಯ ಮಾತು ಕೇಳಿದ್ದು ಅದೇ ಮೊದಲು.

ಗುರುಸಿದ್ದವ್ವ ಮಗನನ್ನು ನೋಡಿದಳು, ಬಳಗವನ್ನು ನೋಡಿದಳು. ಬಾಯಲ್ಲಿ ಜೊಲ್ಲು ತುಂಬುತ್ತ ಬಂತು. ಕೊನೆಗೆ ಗುಳುಗುಳು ಎನ್ನುವ ದನಿಯಲ್ಲಿ, ಒಂದೊಂದೇ ಮಾತು ಹೊರಗೆ ಬಂತು. "ನಾನ... ಹಾಕಿದೆ. ಹಾಕಿದ ಕೂಡ್ಲೆ... ಕೂಸು ನೀಲಿಗಟ್ಟಿತು. ನಾ ನೋಡಿದೆ. ಇಕಿ ಹಾಲಿಗೆ... ಏನೂ ಆಗಿದ್ದಿಲ್ಲ. ಗೊತ್ತಿತ್ತು ನನಗ... ಅವತ್ತ ಗೊತ್ತಿತ್ತು."

ಅವತ್ತೇ ಗೊತ್ತಿತ್ತು. ತಿಳಿಯದೆ ಅಂದಿದ್ದಲ್ಲ, ಕಂಡೂ ಕಂಡೂ ಅಂದದ್ದು. ಇಷ್ಟು ವರ್ಷ ತಾನು ತನ್ನ ಮೈಯನ್ನೇ ಹೇಸಿಕೊಂಡು ತಣ್ಣನೆಯ ರೊಟ್ಟಿ ತಿನ್ನುವುದನ್ನು ಈ ಹೆಂಗಸು ಎಲೆಯಡಿಕೆ ಮೆಲ್ಲುತ್ತ ನೋಡಿದ್ದಾಳೆ. ದ್ರಾಕ್ಷಾಯಣಿಗೆ ತಡೆಯಲಾಗದ ಅಳು ಒತ್ತರಿಸಿತು. ಕಣ್ಣಿಂದ ಇಳಿದಷ್ಟೇ ನೀರು ಮೂಗಿನ ಒಳದಾರಿ ಹಿಡಿದು ಗಂಟಲಿಗೆ ಇಳಿಯಿತು. ಉಪ್ಪುಪ್ಪು. ಅದು ನುಂಗು ನುಂಗು ಎಂದು ಒತ್ತಾಯ ಮಾಡಿತು. ನುಂಗಿದರೆ ಅತ್ತೆಯ ಗಂಟಲಲ್ಲಿ ಕೂತ ರೊಟ್ಟಿ ಅರ್ಧಕ್ಕೇ ಸಿಕ್ಕಿ ಉಸಿರಿಗೆ ಇಳಿಯುತ್ತದೆ. ಅಳುತ್ತಿದ್ದ ಸೊಸೆಯನ್ನು ಯಾರು ದೂರುತ್ತಾರೆ? ಡಾಕ್ಟರೂ ಏನೂ ಹೇಳುವ ಹಾಗಿರಲಿಲ್ಲ. ಅವಳಿಗೆ ಅದು ಬೇಕಾಗಿತ್ತು. ನಿಜವಾಗಿಯೂ ಬೇಕಾಗಿತ್ತು.

ಆದರೆ ಈಗ ಸತ್ತರೆ ಇದೇ ಬಳಗ ಮುದುಕಿಯ ಹಣೆಗೆ ವಿಭೂತಿ ಹಚ್ಚಿ, ಪುಣ್ಯವಂತಿ, ಉಣ್ಣುತ್ತ ಹೋದಳು ಎಂದು ಅಳುತ್ತದೆ. ಅಷ್ಟು ಸಲೀಸಾಗಿ ಬಿಡುವುದೇ? ದ್ರಾಕ್ಷಾಯಣಿ ಬಗ್ಗಿ ಬಾಯಿ ತೆರೆದಳು. ಕಣ್ಣೀರು, ಜೊಲ್ಲು, ಎಲ್ಲವನ್ನೂ ನಾಚಿಕೆಯಿಲ್ಲದೆ ತಟ್ಟೆಗೆ ಬಿಟ್ಟಳು. ಮೂಗು ಸೀಟಿ ಒರೆಸಿಕೊಂಡಳು. ಹೊಸ ತುತ್ತು ಮುರಿದು, ಕೆನೆಮೊಸರಿನಲ್ಲಿ ಅದ್ದಿ, ಅತ್ತೆ ಕಲಿಸಿದಷ್ಟೇ ಅಗಿದು, ನುಂಗಿದಳು. ಎರಡು ಕೊರಳುಗಳಲ್ಲಿ ಗಂಟಲಮಣಿ ಒಮ್ಮೆಲೇ ಏರಿ ಇಳಿಯಿತು. ಗುರುಸಿದ್ದವ್ವ ಹಾ ಎಂದು ಉಸಿರು ಬಿಟ್ಟಳು.

ತುತ್ತು ಹೊಟ್ಟೆ ಸೇರುವಷ್ಟು ಹೊತ್ತು ಕಾದು, ದ್ರಾಕ್ಷಾಯಣಿ ಪಟ್ಟಿ ಬಿಚ್ಚಿದಳು. ಅತ್ತೆಯ ತಟ್ಟೆಯ ಪಕ್ಕದಲ್ಲಿ ಇಟ್ಟಳು.

"ಹೇಳಿದ್ನಲ್ಲವಾ," ಎಂದಳು ಗುರುಸಿದ್ದವ್ವ. ಜೀವಮಾನದಲ್ಲಿ ಮೊದಲ ಬಾರಿ ಸೊ‌ಸೆಗೆ 'ವಾ' ಅಂದಿದ್ದಳು. "ಇನ್ನೂ ಹಸವಿ ಐತಿ. ಕಟಗೊ."

"ನಿಮ್ಮ ಕಡೀ ತುತ್ತು ಇಳೀತ್ರಿ ಅತ್ತೀ," ಎಂದಳು ದ್ರಾಕ್ಷಾಯಣಿ. ಗಂಡನ ಕಡೆ ತಿರುಗಿ, "ಡಾಕ್ಟರಿಗೆ ಫೋನ್ ಹಚ್ರಿ, ಪೈಪು ಹಾಕಾಕ ಬರ್ರಿ ಅನ್ರಿ. ಭಾಳ ವರ್ಷ ಬದುಕ್ತಾರಂತ," ಎಂದಳು.

ರೋಹಿಣಿ ಕೂಸನ್ನು ಎದೆಗವಚಿಕೊಂಡು ನಿಂತಿದ್ದಳು. ಒಂದು ಗಳಿಗೆ ಅನುಮಾನಿಸಿದಳು. ಆಮೇಲೆ ಬಂದು ಅದನ್ನು ದ್ರಾಕ್ಷಾಯಣಿಯ ಮಡಿಲಿಗೆ ಹಾಕಿದಳು. ಯಾರೂ ತಡೆಯಲಿಲ್ಲ.

"ಮಾಮಿ, ನಿಮ್ದು ಊಟ ಅರ್ಧಕ್ಕ ಉಳೀತು," ಎಂದಳು. "ಎಣ್ಣಿಗಾಯಿ ಬಡಸಲಿ?"

"ಬಡಸವಾ," ಎಂದಳು ದ್ರಾಕ್ಷಾಯಣಿ.

ಬಿಸಿ ಎಣ್ಣೆಗಾಯಿಯ ಘಮಲು ಪಡಸಾಲೆಯೆಲ್ಲ ಹಬ್ಬಿತು. ಗುರುಸಿದ್ದವ್ವನ ಬಾಯಲ್ಲಿ ನೀರೂರಿತು. ಇಳಿಯಲು ದಾರಿಯಿಲ್ಲದ ಆ ನೀರು ತುಟಿ ದಾಟಿ, ಗದ್ದದಿಂದ ತೊಟ್ಟಿಕ್ಕಿ, ಸೀರೆಯ ಮೇಲೆ ಬಿತ್ತು. ದ್ರಾಕ್ಷಾಯಣಿ ಅದನ್ನು ಕಣ್ತುಂಬ ನೋಡಿದಳು, ಮತ್ತು ಇನ್ನೊಂದು ರೊಟ್ಟಿ ಹಾಕಿಸಿಕೊಂಡಳು.